ಫಿಟ್ಸ್ ನಿಂತು 19 ತಿಂಗಳು, ಬಚ್ಚಲ ಬಾಗಿಲು ಮಾತ್ರ ಇನ್ನೂ ತೆರೆದೇ ಇದೆ

ತಂಬಿಗೆ_ಸದ್ದು, ಸಿಂಧನೂರು ತಾಲ್ಲೂಕು
ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಬರೆಯುತ್ತಿದ್ದೇನೆ. ಉದ್ದ ಆದರೆ ಬೈಬೇಡಿ.

ನನಗೀಗ 26. ಹದಿನಾಲ್ಕರಿಂದ ಫಿಟ್ಸ್. ಗುಳಿಗೆ ಬದಲಾಯಿಸಿ ಬದಲಾಯಿಸಿ ಕೊನೆಗೆ ಲೆವೆಟಿರಾಸಿಟಮ್ ಹೊಂದಿಕೊಂಡಿತು. ಬೆಳಿಗ್ಗೆ ಒಂದು, ರಾತ್ರಿ ಒಂದು. ಕೊನೆಯ ಸಲ ಬಂದಿದ್ದು 19 ತಿಂಗಳ ಹಿಂದೆ. ಮೂರು ತಿಂಗಳಿಗೊಮ್ಮೆ ದವಾಖಾನೆಗೆ ಹೋಗುತ್ತೇವೆ. ಮಾತುಕತೆ ಇಷ್ಟೇ. "ಬಂದಿತ್ತೇನಮ್ಮಾ?" "ಇಲ್ಲ ಸರ್." "ಅದೇ ಗುಳಿಗೆ ಮುಂದುವರಿಸು." ಹೊರಗೆ ಅಷ್ಟು ಜನ ಕಾಯುತ್ತಿರುತ್ತಾರೆ, ಅವರನ್ನೂ ಏನು ಅನ್ನೋದು. ಚೀಟಿಯ ಲೆಕ್ಕದಲ್ಲಿ ನಾನು ಆರಾಮಾಗಿದ್ದೇನೆ.

ಈಗ ನಮ್ಮ ಮನೆಯ ಬಚ್ಚಲಿಗೆ ಬನ್ನಿ.

ಬಾಗಿಲಿಗೆ ಚಿಲಕ ಇದೆ, ಆದರೆ ನಾನು ಹಾಕುವ ಹಾಗಿಲ್ಲ. ಬಾಗಿಲು ನಾಲ್ಕು ಬೆರಳು ತೆರೆದಿರಬೇಕು. ಹೊರಗೆ ಅವ್ವ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂರುತ್ತಾಳೆ. ಕಿವಿ ಪೂರ್ತಿ ಒಳಗೆ. ನೀರಿನ ಸದ್ದು ಸ್ವಲ್ಪ ನಿಂತರೆ ಸಾಕು, "ಯವ್ವಾ, ಆತೇನ?" ಅಂತ ಕೂಗು. ಸೋಪು ಹಚ್ಚಿಕೊಳ್ಳುವಾಗ ಸದ್ದು ಎಲ್ಲಿಂದ ಬರಬೇಕು? ಅದಕ್ಕೆ ಒಂದು ಕೈಯಲ್ಲಿ ಸೋಪು, ಇನ್ನೊಂದು ಕೈಯಲ್ಲಿ ತಂಬಿಗೆ. ಬಕೆಟ್ಟಿಗೆ ಟಣ್ ಟಣ್ ಅಂತ ಬಡಿಯುತ್ತಾ ಇರುತ್ತೇನೆ. ಡಿಗ್ರಿ ಮುಗಿಸಿದ ಹೆಂಗಸು, ತಂಬಿಗೆ ಬಾರಿಸುತ್ತಾ ಜಳಕ ಮಾಡುತ್ತೇನೆ. ನಗಬೇಡಿ. ಸರಿ, ನಕ್ಕರೂ ಪರವಾಗಿಲ್ಲ.

ಒಲೆ ಮುಂದೆ ಕೂರುವ ಹಾಗಿಲ್ಲ. ಹಿಟ್ಟು ನಾದಿ ಕೊಡುವುದಷ್ಟೇ ನನ್ನ ಪಾಲು, ರೊಟ್ಟಿ ಬಡಿಯುವುದು ಅತ್ತಿಗೆ. ಬಟ್ಟೆ ಒಗೆಯಲು ಕಾಲುವೆಗೆ ಹೋಗುವ ಹಾಗಿಲ್ಲ. ಅದು ನ್ಯಾಯವೇ ಬಿಡಿ, ನೀರು ಬಿಟ್ಟಾಗ ಎಡದಂಡೆ ಕಾಲುವೆಯ ಸೆಳೆತ ಎತ್ತನ್ನೂ ಬಿಡುವುದಿಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಓಣಿಯ ಹೆಂಗಸರೆಲ್ಲ ಹುಲಿಗಿ, ಬಾದಾಮಿ, ಬನಶಂಕರಿ ಅಂತ ಸುತ್ತಿ ಬಂದರು. ನಾನು ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಕವರ್ ಹಾಕಿಸಿಟ್ಟುಕೊಂಡು ಮನೆಯಲ್ಲೇ ಇದ್ದೇನೆ.

ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಬಹುತೇಕ ಸಿಕ್ಕಿತ್ತು. ಅಪ್ಪನೇ ಮೊದಲು ಹೋಗಿ "ಆಕಿಗೆ ಹಿಂಗಿಂಗ ಅದ, ಸ್ವಲ್ಪ ನೋಡಿಕೋರಿ" ಅಂತ ಹೇಳಿ ಬಂದರು. ಆಮೇಲೆ ಆ ಕಡೆಯಿಂದ ಫೋನೇ ಇಲ್ಲ.

ಫಿಟ್ಸ್ ನಿಂತರೆ ಉಳಿದದ್ದೆಲ್ಲ ತಾನಾಗೇ ಸರಿಹೋಗುತ್ತದೆ ಅಂದುಕೊಂಡಿದ್ದೆ. ನಿಮಗೆ ಯಾರಿಗಾದರೂ ಸರಿಹೋಯ್ತಾ? ಹೋಗಿದ್ದರೆ ಹೇಗೆ? ನಾನು ಕೇಳುತ್ತಿರುವುದು ಗುಳಿಗೆ ಬಗ್ಗೆ ಅಲ್ಲ.

ಮಾಳಿಗೆ_ಕೆಳಗೆ, ಮಾನ್ವಿ
ಭಾನುವಾರ ರಾತ್ರಿ 10:15

ತಂಗಿ, ನಿನ್ನದು ಬಚ್ಚಲು, ನನ್ನದು ಮಾಳಿಗೆ.

ನಮ್ಮ ಕಡೆ ಬೇಸಿಗೆ ಗೊತ್ತಲ್ಲ. ಏಪ್ರಿಲ್ ಬಂತು ಅಂದರೆ ಊರಿಗೆ ಊರೇ ಹಾಸಿಗೆ ಹೊತ್ತುಕೊಂಡು ಮಾಳಿಗೆ ಹತ್ತುತ್ತದೆ. ಅಲ್ಲೇ ಮಾತು, ಅಲ್ಲೇ ನಗು, ಪಕ್ಕದ ಮಾಳಿಗೆಯವರ ಜೊತೆ ಜಗಳವೂ ಅಲ್ಲೇ. ನನಗೆ 19ನೇ ವಯಸ್ಸಿನಲ್ಲಿ ನಿದ್ದೆಯಲ್ಲಿ ಫಿಟ್ಸ್ ಬಂತು. ನಮ್ಮ ಮಾಳಿಗೆಗೆ ಕಟ್ಟೆ ಇಲ್ಲ. ಅಂಚಿಗೆ ಒಂದು ಗೇಣು ಉಳಿದಿತ್ತಂತೆ. ಅವತ್ತಿನಿಂದ ಹನ್ನೊಂದು ಬೇಸಿಗೆ ನಾನೊಬ್ಬನೇ ಕೆಳಗೆ, ಪಡಸಾಲೆಯಲ್ಲಿ. ಫ್ಯಾನ್ ಬಿಸಿಗಾಳಿ ತಿರುಗಿಸುತ್ತಿತ್ತು. ಮೇಲಿಂದ ಎಲ್ಲರೂ ನಗುವುದು ಕೇಳಿಸುತ್ತಿತ್ತು. ಫಿಟ್ಸ್ ಆ ಹನ್ನೊಂದು ವರ್ಷದಲ್ಲಿ ಬಂದಿದ್ದು ಆರು ಸಲ. ಆ ನಗು ಕೇಳಿಸಿದ್ದು ದಿನಾ.

ಸರಿಹೋಗಿದ್ದು ಹೇಗೆ ಅಂದರೆ, ಯಾರೂ ಕೂತು ಮಾತಾಡಲಿಲ್ಲ. ನಮ್ಮ ತಮ್ಮ ಒಂದು ರಾತ್ರಿ ತನ್ನ ಹಾಸಿಗೆ ಸುತ್ತಿಕೊಂಡು ಕೆಳಗೆ ಬಂದ. "ಮ್ಯಾಲೆ ಸೊಳ್ಳಿ ಭಾಳ" ಅಂದ. ಸುಳ್ಳು. ಮರುದಿನ ಇಬ್ಬರೂ ಅಂಗಳದಲ್ಲಿ ಹಾಸಿದೆವು, ನೆಲದ ಮೇಲೆ. ವಾರದಲ್ಲಿ ಅಪ್ಪನೂ ಇಳಿದು ಬಂದರು. ಈಗ ಎಲ್ಲರೂ ಅಂಗಳದಲ್ಲೇ. ಗಾಳಿ ಸ್ವಲ್ಪ ಕಡಿಮೆ, ಆದರೆ ನೆಲದಿಂದ ಕೆಳಗೆ ಯಾರು ಬೀಳುತ್ತಾರೆ?

ಹಾಡು_ನಿಲ್ಲಿಸಬೇಡ, ಬಳ್ಳಾರಿ
ಭಾನುವಾರ ರಾತ್ರಿ 10:31

ತಂಬಿಗೆ ಓದಿ ನಕ್ಕೆ, ಆಮೇಲೆ ನಗು ನಿಂತಿತು. ನಮ್ಮ ಮನೆಯಲ್ಲಿ ತಂಬಿಗೆ ಬದಲು ಹಾಡು. ತಮ್ಮ ಸಂಡಾಸಿಗೆ ಹೋದರೆ ಹೊರಗೆ ಬರುವ ತನಕ ಹಾಡುತ್ತಲೇ ಇರಬೇಕು. ಪಕ್ಕದ ಮನೆಯವರು ಅವನಿಗೆ ಸಂಗೀತದ ಹುಚ್ಚು ಅಂದುಕೊಂಡಿದ್ದಾರೆ.

ಅಂಗಡಿ_ಕೌಂಟರ್, ಗಂಗಾವತಿ
ಸೋಮವಾರ ಬೆಳಿಗ್ಗೆ 7:20

ಔಷಧಿ ಅಂಗಡಿ ನಡೆಸುತ್ತೇನೆ. ತಂಗಿ ಗುಳಿಗೆ ವಿಷಯ ಬೇಡ ಅಂದರು, ಆದರೂ ಎರಡು ಮಾತು ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಶುಗರ್ ಗುಳಿಗೆ ಕೇಳುವವರು ಜೋರಾಗಿ ಕೇಳುತ್ತಾರೆ. ಬಿಪಿಯವರು ಇನ್ನೂ ಜೋರು. ಫಿಟ್ಸ್ ಗುಳಿಗೆಗೆ ಬರುವವರು ಪಕ್ಕಕ್ಕೆ ನಿಂತು ಜನ ಕಡಿಮೆಯಾಗಲಿ ಅಂತ ಕಾಯುತ್ತಾರೆ. ಖಾಲಿ ಸ್ಟ್ರಿಪ್ ಅಂಗೈಯಲ್ಲಿ ಮಡಚಿ ಹಿಡಿದು, ಬೆರಳು ಬಿಡಿಸಿ ತೋರಿಸಿ ಮತ್ತೆ ಮುಚ್ಚಿಕೊಳ್ಳುತ್ತಾರೆ. "ಇದು." ಅಷ್ಟೇ. ಹೆಸರು ಬಾಯಲ್ಲಿ ಹೇಳುವುದಿಲ್ಲ. ಪೇಪರಿನಲ್ಲಿ ಸುತ್ತಿ ಕೊಡಿ ಅನ್ನುತ್ತಾರೆ. ಒಬ್ಬ ಅಜ್ಜ ಮೊಮ್ಮಗಳ ಗುಳಿಗೆಗಾಗಿ ಕಾರಟಗಿಯಿಂದ ನನ್ನ ಅಂಗಡಿಗೆ ಬರುತ್ತಾರೆ. ಕಾರಟಗಿಯಲ್ಲಿ ಸಿಗುವುದಿಲ್ಲ ಅಂತಲ್ಲ. ಅಲ್ಲಿ ಎಲ್ಲರೂ ಪರಿಚಯ.

ಇನ್ನೊಂದು. ಭತ್ತ ನಾಟಿ ಸಮಯದಲ್ಲಿ ನನಗೆ ಮೊದಲೇ ಗೊತ್ತಾಗುತ್ತದೆ. ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗುತ್ತಾರೆ, ಬೆಳಗಿನ ಗುಳಿಗೆ ಮನೆಯಲ್ಲೇ ಉಳಿಯುತ್ತದೆ. ಒಂದು ವಾರ ಬಿಟ್ಟು ಯಾರಾದರೂ ಬಂದು, "ಅಣ್ಣಾ, ಗದ್ದ್ಯಾಗ ಬಿದ್ದಳು" ಅನ್ನುತ್ತಾರೆ. ಜಾತ್ರೆ ಸಮಯದಲ್ಲೂ ಇದೇ ಕಥೆ, ರಾತ್ರಿಯೆಲ್ಲ ನಾಟಕ ನೋಡಿ ನಿದ್ದೆಗೆಟ್ಟು ಬೀಳುತ್ತಾರೆ. ಶಿವರಾತ್ರಿ ಜಾಗರಣೆ ಮರುದಿನ, ರಂಜಾನ್ ಉಪವಾಸದಲ್ಲಿ ಗುಳಿಗೆಯ ಹೊತ್ತು ತಪ್ಪಿದಾಗ, ಎಲ್ಲ ಒಂದೇ. ಉಪವಾಸ ಮಾಡುವವರು ಮುಂಚೆಯೇ ಡಾಕ್ಟರನ್ನು ಕೇಳಿ, ಸಹರಿಗೂ ಇಫ್ತಾರಿಗೂ ಹೊಂದುವ ಹಾಗೆ ಗುಳಿಗೆ ಬದಲಿಸಬಹುದಾ ಅಂತ. ಕೆಲವರಿಗೆ ಆಗುತ್ತದೆ. ನೀವೇ ಬದಲಿಸಿಕೊಳ್ಳಬೇಡಿ.

ದುಡ್ಡಿನ ತೊಂದರೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ನೋಡಿ, ಅಗ್ಗಕ್ಕೆ ಸಿಗುತ್ತದೆ. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ, ಇರಲಿ. ಆದರೆ ಈ ತಿಂಗಳು ಒಂದು ಕಂಪನಿ, ಮುಂದಿನ ತಿಂಗಳು ಇನ್ನೊಂದು ಅಂತ ಆಡಬೇಡಿ. ಅದರಲ್ಲೂ ಫೆನಿಟಾಯಿನ್ ತೆಗೆದುಕೊಳ್ಳುವವರು. ಆ ಗುಳಿಗೆ ಸ್ವಲ್ಪ ಹೆಚ್ಚುಕಡಿಮೆಯಾದರೂ ರಕ್ತದಲ್ಲಿ ಏರುಪೇರು ಜಾಸ್ತಿ.

ಡೆನಿಮ್_ನೀಲಿ, ಬಳ್ಳಾರಿ
ಸೋಮವಾರ ಮಧ್ಯಾಹ್ನ 1:10

ಊಟದ ಹೊತ್ತು, ಬೇಗ ಬರೆಯುತ್ತೇನೆ.

ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿದ್ದೇನೆ. ಎಂಟು ವರ್ಷದ ಹಿಂದೆ ಮಷಿನ್ ಮೇಲೆ ಕೂತಾಗಲೇ ಬಂತು. ಸೂಜಿ ಹೆಬ್ಬೆರಳಿನಲ್ಲಿ ಇಳಿದಿತ್ತು. ಎಚ್ಚರವಾದಾಗ ಕೈಯಲ್ಲಿ ಬೀಗದ ಕೈ ಗೊಂಚಲು, ಮೂಗಿನ ಮುಂದೆ ಚಪ್ಪಲಿ. ನಮ್ಮ ಜನರ ಫಸ್ಟ್ ಏಡ್ ನಿಮಗೆ ಗೊತ್ತೇ ಇದೆ. ಆ ಯಜಮಾನ ಕೆಲಸದಿಂದ ತೆಗೆಯಲಿಲ್ಲ, ಅದಕ್ಕೂ ಚೆನ್ನಾಗಿ ಮಾಡಿದ. ದಾರ ಕತ್ತರಿಸಲು ಹಾಕಿದ. ಹೊಲಿಗೆಗೆ ಪೀಸ್ ಲೆಕ್ಕ, ದಾರ ಕತ್ತರಿಸುವುದಕ್ಕೆ ದಿನದ ಕೂಲಿ. ಪಗಾರ ಅರ್ಧಕ್ಕೆ ಇಳಿಯಿತು. "ನಿನ್ನ ಒಳ್ಳೇದಕ್ಕ ಮಾಡೀನಿ" ಅಂದ.

ಎರಡು ವರ್ಷ ಬಿಟ್ಟು ಬೇರೆ ಕಡೆ ಸೇರಿದೆ. ಅಲ್ಲಿಯ ಯಜಮಾನರಿಗೆ ಮೊದಲೇ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, "ಯಾವಾಗ ಬರ್ತದ ನಿನಗ?" ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ನನಗೆ ಬರುವುದು ನಿದ್ದೆಗೆಟ್ಟರೆ, ಅದೂ ಬೆಳಗಿನ ಜಾವ. "ಹಂಗಾರ ನೈಟ್ ಬ್ಯಾಡ" ಅಂದರು. ಕತೆ ಮುಗೀತು. ಬೆರಳಿಗೆ ಗಾರ್ಡ್ ಇರುವ ಮಷಿನ್ ಕೊಟ್ಟರು. ಐದು ವರ್ಷ ಆಯ್ತು, ಹೆಬ್ಬೆರಳು ಆರಾಮಾಗಿದೆ.

ಮನೆಗೆ ಬೈಕಿನಲ್ಲಿ ಹೋಗುತ್ತೇನೆ, ನಿಧಾನಕ್ಕೆ.

ಲಾರಿ_ಕ್ಲೀನರ್, ಸಂಡೂರು
ಸೋಮವಾರ ಮಧ್ಯಾಹ್ನ 1:32

ಅಣ್ಣಾ, ಎಲ್ಲ ಸರಿ, ಬೈಕ್ ಯಾಕೆ? ನಿಧಾನಕ್ಕೆ ಹೋದರೂ ಅದಿರು ಲಾರಿ ಕೆಳಗೇ ಬೀಳುವುದಲ್ವಾ?

ಡೆನಿಮ್_ನೀಲಿ
ಸೋಮವಾರ ಮಧ್ಯಾಹ್ನ 1:36

ಆಟೋಗೆ ದಿನಕ್ಕೆ ನೂರು ರೂಪಾಯಿ ನೀವು ಕೊಡುತ್ತೀರಾ?

ವಕೀಲರ_ಗುಮಾಸ್ತ, ಬಳ್ಳಾರಿ
ಸೋಮವಾರ ಸಂಜೆ 6:05

ಬೈಕ್ ವಿಷಯಕ್ಕೆ ಇಬ್ಬರೂ ಜಗಳ ಆಡುವ ಮೊದಲು. ಲೈಸೆನ್ಸ್ ಅರ್ಜಿಯ ಜೊತೆ ನಮೂನೆ 1 ಅಂತ ಒಂದು ಹಾಳೆ ಇರುತ್ತದೆ, 1989ರ ಮೋಟಾರು ವಾಹನ ನಿಯಮದ್ದು. ಮೂರ್ಛೆ ಇದೆಯಾ, ತಲೆ ಸುತ್ತಿ ಪ್ರಜ್ಞೆ ತಪ್ಪುತ್ತದಾ ಅಂತ ಅಲ್ಲೇ ಕೇಳುತ್ತಾರೆ. ಎಲ್ಲರೂ ಓದದೆ ಸಹಿ ಹಾಕುತ್ತಾರೆ. ಹೊರದೇಶಗಳಲ್ಲಿ ಇಷ್ಟು ತಿಂಗಳು ಬರದಿದ್ದರೆ ಗಾಡಿ ಓಡಿಸಬಹುದು ಅಂತ ಲೆಕ್ಕ ಇದೆ. ನಮ್ಮ ಹಾಳೆಯಲ್ಲಿ ಆ ಲೆಕ್ಕ ಇಲ್ಲ, ಹೌದು ಅಥವಾ ಇಲ್ಲ, ಅಷ್ಟೇ. ಕಾನೂನು ಒರಟಾಗಿದ್ದರೆ ಜನ ಸುಳ್ಳು ಹೇಳುತ್ತಾರೆ. ಹಾಗಂತ ಡೆನಿಮ್ ಅಣ್ಣ ಮಾಡುತ್ತಿರುವುದು ಸರಿ ಅಂತಲ್ಲ. ಎದುರಿಗೆ ಬರುವವನ ಮನೆಯಲ್ಲೂ ಮಕ್ಕಳಿರುತ್ತಾರೆ.

ಇನ್ನೊಂದು, ಯಾರೂ ಕೇಳದಿದ್ದರೂ ಹೇಳುತ್ತೇನೆ. 2016ರ ಅಂಗವಿಕಲರ ಕಾಯ್ದೆಯಲ್ಲಿ 21 ಬಗೆ ಪಟ್ಟಿ ಮಾಡಿದ್ದಾರೆ. ಫಿಟ್ಸ್ ಅದರಲ್ಲಿ ಹೆಸರು ಹಿಡಿದು ಇಲ್ಲ. ಅಂದರೆ ಕೆಲಸ ಕೊಡುವವನ ಕಣ್ಣಿಗೆ ನೀವು ಆಗದವರು, ಸರ್ಟಿಫಿಕೇಟ್ ಕೊಡುವವರ ಕಣ್ಣಿಗೆ ಪೂರ್ತಿ ಗಟ್ಟಿ.

ಸಾಸಿವೆ_ಡಬ್ಬಿ
ಸೋಮವಾರ ರಾತ್ರಿ 11:48

ಊರು ಹೇಳುವುದಿಲ್ಲ. ಕೊಪ್ಪಳ ಜಿಲ್ಲೆ ಅಂದುಕೊಳ್ಳಿ.

ನನ್ನ ಮದುವೆ ಆಗಿದ್ದು ಮುಚ್ಚಿಟ್ಟು. ತವರಿನವರು "ಹೇಳಿದರ ಯಾರು ಮಾಡಿಕೊಳ್ತಾರ?" ಅಂದರು. ನಾನೂ ಸುಮ್ಮನಿದ್ದೆ, ಅದರಲ್ಲಿ ನನ್ನ ಪಾಲೂ ಇದೆ. ಅತ್ತೆ ಮನೆಗೆ ಬರುವಾಗ ಗುಳಿಗೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಒಂದು ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸಾಸಿವೆ ಡಬ್ಬಿಯ ತಳದಲ್ಲಿ ಹೂತಿಟ್ಟೆ. ಒಗ್ಗರಣೆ ಹಾಕುವ ನೆಪದಲ್ಲಿ ದಿನಾ ಎರಡು ಹೊತ್ತು ತೆಗೆಯುತ್ತಿದ್ದೆ. ಒಗ್ಗರಣೆ ಬೇಡದ ಅಡುಗೆಗೂ ಒಗ್ಗರಣೆ ಹಾಕುತ್ತಿದ್ದೆ. ನಮ್ಮ ಅತ್ತೆ ಇವತ್ತಿಗೂ "ಈಕಿಗೆ ಸಾಸಿವಿ ಹುಚ್ಚು" ಅನ್ನುತ್ತಾರೆ.

ಫಿಟ್ಸ್‌ಗಿಂತ ಆ ಡಬ್ಬಿಯ ಭಯ ಜಾಸ್ತಿ ಇತ್ತು. ನನ್ನದು ವಾಲ್ಪ್ರೊಯೇಟ್. ಬಸಿರಿದ್ದಾಗ ಅದನ್ನು ತೆಗೆದುಕೊಂಡರೆ ಮಗುವಿನ ಬೆನ್ನುಹುರಿಗೆ, ಬುದ್ಧಿಗೆ ತೊಂದರೆ ಆಗುವ ಸಾಧ್ಯತೆ ಹೆಚ್ಚು ಅಂತ ನನಗೆ ಯಾರೂ ಹೇಳಿರಲಿಲ್ಲ. ಮೊಬೈಲಿನಲ್ಲಿ ಓದಿದೆ, ಮದುವೆಯಾಗಿ ಎಂಟು ತಿಂಗಳಿಗೆ. ಕದ್ದು ಗುಳಿಗೆ ನುಂಗುವವಳು ಡಾಕ್ಟರ್ ಹತ್ತಿರ ಏನಂತ ಹೋಗಬೇಕು? ಸುಮ್ನೆ ಬಿಟ್ಟುಬಿಡೋಣ ಅಂದರೆ, ಥಟ್ಟನೆ ಬಿಟ್ಟರೆ ಫಿಟ್ಸ್ ಒಂದರ ಮೇಲೊಂದು ಬಂದು ಜೀವಕ್ಕೇ ಕುತ್ತು.

ಒಂದು ರಾತ್ರಿ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ಗಂಡನ ಮುಂದೆ ಪೇಪರ್ ಮೇಲೆ ಸುರುವಿದೆ. ಅವರು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕೇಳಿದರು, "ಅದು ಅಂಟ್ತದೇನು?" ಇಲ್ಲ ಅಂದೆ. "ಮತ್ತ ಇಷ್ಟ್ಯಾಕ ಹೆದರಿಕಿ?" ಅಂದರು. ಇಬ್ಬರೂ ಹೋದೆವು. ನಿಧಾನವಾಗಿ ಬೇರೆ ಗುಳಿಗೆಗೆ ಬದಲಿಸಿದರು, ಮೊದಲೇ ಫೋಲಿಕ್ ಆಸಿಡ್ ಶುರು ಮಾಡಿದರು. ಮಗಳಿಗೆ ಈಗ ನಾಲ್ಕು ವರ್ಷ, ನಾಲಿಗೆ ನನಗಿಂತ ಜೋರು.

ಅತ್ತೆಗೆ ಇನ್ನೂ ಗೊತ್ತಿಲ್ಲ. ಡಬ್ಬಿ ಇನ್ನೂ ಅಲ್ಲೇ ಇದೆ. ಎಲ್ಲರ ಗಂಡಂದಿರೂ ಹೀಗೇ ಅನ್ನುವ ಭ್ರಮೆ ನನಗಿಲ್ಲ. ನಮ್ಮ ದೊಡ್ಡಮ್ಮನ ಮಗಳನ್ನು ತವರಿಗೆ ಬಿಟ್ಟು ಹೋದವನು ಇವತ್ತಿಗೂ ತಿರುಗಿ ನೋಡಿಲ್ಲ.

ವಕೀಲರ_ಗುಮಾಸ್ತ
ಮಂಗಳವಾರ ಬೆಳಿಗ್ಗೆ 8:15

ಅಕ್ಕಾವ್ರೆ, ನಿಮ್ಮ ದೊಡ್ಡಮ್ಮನ ಮಗಳಿಗೆ ಇದು ಉಪಯೋಗ ಆಗಬಹುದು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಿದ್ದುಪಡಿ ತಂದು, ಮೇಲಿಂದ ಮೇಲೆ ಮೂರ್ಛೆ ಬರುವವರು ಮದುವೆಗೇ ಅರ್ಹರಲ್ಲ ಅನ್ನುವ ಹಾಗೆ ಬರೆದಿದ್ದರು. ಹುಚ್ಚಿನ ಪಕ್ಕದಲ್ಲೇ ಫಿಟ್ಸ್ ಸೇರಿಸಿದ್ದರು. 1999ರಲ್ಲಿ ಆ ಪದ ತೆಗೆದುಹಾಕಿದರು. ವಿಶೇಷ ವಿವಾಹ ಕಾಯ್ದೆಯಿಂದಲೂ ತೆಗೆದರು. ಈಗ ಫಿಟ್ಸ್ ಇದೆ ಅನ್ನುವುದೊಂದೇ ಕಾರಣಕ್ಕೆ ಮದುವೆ ಬೀಳುವುದಿಲ್ಲ. ಊರ ಪಂಚಾಯ್ತಿ ಕಟ್ಟೆಯವರು ಮಾತ್ರ 1976ರಲ್ಲೇ ಕೂತಿದ್ದಾರೆ. ಮುಚ್ಚಿಟ್ಟು ಮಾಡಿದರೆ ಮೋಸ ಮಾಡಿದರು ಅಂತ ಬೇರೆ ಜಗಳ ಹುಟ್ಟುತ್ತದೆ, ಅದಕ್ಕೆ ಮೊದಲೇ ಹೇಳುವುದು ಒಳ್ಳೆಯದು. ಹೇಳುವುದು ಸುಲಭ ಅಂತ ನಾನು ಹೇಳುತ್ತಿಲ್ಲ.

ಅಮ್ಮನ_ಭಕ್ತ, ಮುನಿರಾಬಾದ್
ಮಂಗಳವಾರ ಬೆಳಿಗ್ಗೆ 9:02

ಎಲ್ಲರೂ ಗುಳಿಗೆ, ಕಾನೂನು ಅಂತೀರಿ. ಹುಲಿಗಿಗೆ ಐದು ಹುಣ್ಣಿಮೆ ನಡೆದುಕೊಳ್ಳಲಿ. ನಮ್ಮ ಸಂಬಂಧಿಕರ ಹುಡುಗನಿಗೆ ಬರೆ ಹಾಕಿಸಿದ ಮೇಲೆ ಕಡಿಮೆ ಆಯ್ತು.

ಮಾಳಿಗೆ_ಕೆಳಗೆ
ಮಂಗಳವಾರ ಬೆಳಿಗ್ಗೆ 9:20

ಅಣ್ಣಾವ್ರೆ, ನನ್ನ ಹಣೆಯ ಮೇಲೂ ಒಂದು ಬರೆ ಇದೆ. ಒಂದು ರೂಪಾಯಿ ನಾಣ್ಯದಷ್ಟು. ಫಿಟ್ಸ್ ಹೋಗಲಿಲ್ಲ, ಕಲೆಯೂ ಹೋಗಲಿಲ್ಲ. ಹುಲಿಗೆಮ್ಮನಿಗೆ ನಾನೂ ನಡೆದುಕೊಳ್ಳುತ್ತೇನೆ, ಗುಳಿಗೆ ಕಿಸೆಯಲ್ಲಿಟ್ಟುಕೊಂಡು. ಅಮ್ಮ ಇಲ್ಲಿಯವರೆಗೆ ಬೇಡ ಅಂದಿಲ್ಲ.

ಏಳನೇ_ಕ್ಲಾಸ್_ಮೇಷ್ಟ್ರು, ಕೊಪ್ಪಳ ಜಿಲ್ಲೆ
ಮಂಗಳವಾರ ಸಂಜೆ 5:40

ನಟರಾಜನ ಕಾಲ ಕೆಳಗೆ ಬಿದ್ದಿರುವ ಕುಳ್ಳನ ಹೆಸರು ಅಪಸ್ಮಾರ. ರೋಗಕ್ಕೂ ಅದೇ ಹೆಸರು. ಇಷ್ಟು ಶತಮಾನದಿಂದ ದೇವರ ಕಾಲ ಕೆಳಗೆ ಇಟ್ಟು ತೋರಿಸಿದರೆ ಜನ ದೆವ್ವ ಅನ್ನದೆ ಇನ್ನೇನು ಅಂದಾರು! ಇದು ಸುಮ್ನೆ ನೆನಪಾಯ್ತು.

ಹೇಳಬೇಕಿದ್ದದ್ದು ಬೇರೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಪಾಠದ ನಡುವೆ ಹಾಗೇ ನಿಂತುಬಿಡುತ್ತಿದ್ದ. ಬರೆಯುತ್ತಿದ್ದ ಪೆನ್ನು ನಿಲ್ಲುವುದು, ಕಣ್ಣು ಎಲ್ಲೋ, ಹತ್ತು ಸೆಕೆಂಡ್ ಬಿಟ್ಟು ಏನೂ ಆಗಿಲ್ಲದ ಹಾಗೆ ಮುಂದಿನ ಅಕ್ಷರ ಬರೆಯುವುದು. ಒಂದು ವರ್ಷ "ಎಲ್ಲೋ ಲಕ್ಷ್ಯ?" ಅಂತ ಡಸ್ಟರ್ ಎಸೆದಿದ್ದೇನೆ. ಹೌದು, ನಾನೇ. ಒಂದು ತರಬೇತಿಯಲ್ಲಿ ಡಾಕ್ಟರ್ ಒಬ್ಬರು, ಬಿದ್ದು ಒದ್ದಾಡದೆಯೂ ಫಿಟ್ಸ್ ಬರುತ್ತದೆ, ಮಕ್ಕಳಲ್ಲಿ ಹೀಗೆ ದಿನಕ್ಕೆ ಹತ್ತಾರು ಸಲ ಬರಬಹುದು ಅಂದಾಗ ನನ್ನ ಮುಖಕ್ಕೆ ಯಾರೋ ಹೊಡೆದ ಹಾಗಾಯ್ತು. ಮರುದಿನವೇ ಅವರಪ್ಪನನ್ನು ಕರೆಸಿದೆ. ಗುಳಿಗೆ ಶುರುವಾದ ಮೇಲೆ ಹುಡುಗನ ನೋಟ್‌ಬುಕ್ಕಿನಲ್ಲಿ ಅರ್ಧಕ್ಕೆ ನಿಂತ ಸಾಲುಗಳು ಕಡಿಮೆಯಾದವು. ಹಳೆಯ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ.

ಅವನೀಗ ಕ್ರಿಕೆಟ್ ಆಡುತ್ತಾನೆ. ಮನೆಯವರು ಬೇಡ ಅಂದಿದ್ದರು. 1992ರ ವಿಶ್ವಕಪ್ಪಿನಲ್ಲಿ ಗಾಳಿಯಲ್ಲಿ ಹಾರಿ ಇಂಜಮಾಮ್‌ನನ್ನು ರನ್ ಔಟ್ ಮಾಡಿದ ಜಾಂಟಿ ರೋಡ್ಸ್‌ಗೂ ಇದೇ ಕಾಯಿಲೆ ಅಂತ ಹೇಳಿ ಒಪ್ಪಿಸಿದೆ. ಈಜಲು ಮಾತ್ರ ಯಾರಾದರೂ ದೊಡ್ಡವರಿದ್ದರೆ ಮಾತ್ರ ಅಂದಿದ್ದೇವೆ.

ವಾರ್ಡ್_ನರ್ಸ್, ರಾಯಚೂರು
ಮಂಗಳವಾರ ರಾತ್ರಿ 10:50

ಡ್ಯೂಟಿ ಮುಗಿಸಿ ಈಗ ಪೂರ್ತಿ ಓದಿದೆ.

ಮೊದಲು ಬೀಗದ ಕೈ, ಚಪ್ಪಲಿ, ಈರುಳ್ಳಿ ಪಕ್ಕಕ್ಕಿಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಬೇಡ. ಗಟ್ಟಿಯಾಗಿ ಹಿಡಿದು ಅದುಮಬೇಡಿ. ತಲೆ ಕೆಳಗೆ ಮೆತ್ತಗಿನದ್ದೇನಾದರೂ ಇಡಿ, ಒದ್ದಾಟ ನಿಲ್ಲುತ್ತಿದ್ದ ಹಾಗೆ ಒಂದು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಿ. ಬಹಳಷ್ಟು ಸಲ ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಅದು ನಿಂತ ಹೊತ್ತಿಗೆ ಕೈಯಲ್ಲಿ ಕಬ್ಬಿಣ ಇರುತ್ತದೆ, ಹೆಸರು ಕಬ್ಬಿಣಕ್ಕೆ ಬರುತ್ತದೆ. ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೆ ಬಂದರೆ, 108.

ಭಕ್ತ ಅಣ್ಣಾವ್ರೆ, ನಿಮ್ಮ ದೇವರ ಬಗ್ಗೆ ತಕರಾರಿಲ್ಲ. ಆದರೆ ಫಿಟ್ಸ್‌ಗೆ ಕಾರಣ ಪಾಪವಲ್ಲ. ಹೆರಿಗೆಯಲ್ಲಿ ಮಗು ಅಳುವುದು ತಡವಾಗಿದ್ದು, ಹೆಲ್ಮೆಟ್ ಇಲ್ಲದೆ ಬಿದ್ದಿದ್ದು, ಮೆದುಳು ಜ್ವರ, ಇವು ನಾವು ದಿನಾ ನೋಡುವ ಕಾರಣಗಳು. ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋಗಿ ಮೆದುಳಿನಲ್ಲಿ ಗಂಟು ಕಟ್ಟುವುದೂ ಇದೆ. ಹಂದಿ ಮಾಂಸ ಮುಟ್ಟದವರಿಗೂ ಬರುತ್ತದೆ, ಬಯಲಿನ ಹೊಲಸು ತಾಗಿದ ಸೊಪ್ಪು ಸೌತೆಕಾಯಿ ಸರಿಯಾಗಿ ತೊಳೆಯದೆ ತಿಂದರೆ. ಎಷ್ಟೋ ಜನರಿಗೆ ಕಾರಣವೇ ಸಿಗುವುದಿಲ್ಲ.

ತಂಬಿಗೆ ತಂಗಿ, ಈಗ ನಿನ್ನ ಪ್ರಶ್ನೆಗೆ. ನೀನು ಕೇಳಿದ್ದನ್ನೇ ಅಳೆಯಲು ಒಂದು ಪ್ರಶ್ನಾವಳಿ ಇದೆ, 31 ಪ್ರಶ್ನೆ. ಫಿಟ್ಸ್ ಎಷ್ಟು ಸಲ ಬಂತು ಅನ್ನುವುದೇ ಅದರಲ್ಲಿಲ್ಲ. ಮತ್ತೆ ಬಂದೀತು ಅನ್ನುವ ಭಯ, ಮನಸ್ಸು, ಸುಸ್ತು, ನೆನಪು, ಗುಳಿಗೆಯ ಕಾಟ, ಜನರ ಜೊತೆ ಓಡಾಟ, ಇವನ್ನು ಕೇಳುತ್ತದೆ. ಫಿಟ್ಸ್ ಎಣಿಕೆಗಿಂತ ಮನಸ್ಸು ಕುಗ್ಗಿರುವುದೇ ಜೀವನವನ್ನು ಹೆಚ್ಚು ಹಾಳು ಮಾಡುತ್ತದೆ ಅಂತ ಬೇರೆ ಬೇರೆ ಕಡೆ ನೋಡಿದವರು ಹೇಳಿದ್ದಾರೆ. ಲೆವೆಟಿರಾಸಿಟಮ್ ಕೆಲವರಿಗೆ ಸಿಟ್ಟು, ಕಿರಿಕಿರಿ, ಬೇಜಾರು ತರುತ್ತದೆ. ಅದನ್ನು ಡಾಕ್ಟರ್ ಕೇಳದಿದ್ದರೆ ನೀನೇ ಹೇಳು. ಎರಡೇ ನಿಮಿಷ ಸಿಗುವುದಾದರೆ ಚೀಟಿ ಬರೆದುಕೊಂಡು ಹೋಗು, ಓದಿ ಹೇಳು. ರಾತ್ರಿ ತೀರಾ ತಾಳಲಾರದೆ ಹೋದರೆ 14416ಕ್ಕೆ ಫೋನ್ ಮಾಡು, ಟೆಲಿಮಾನಸ್ ಅಂತ ಮನಸ್ಸಿನ ತೊಂದರೆಗೆ ಇರುವ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಒಂದು ಕೇಳುತ್ತೇನೆ, ಬೇಜಾರಾಗಬೇಡ. ಮೊದಲ ಸಲ ಬಂದಿದ್ದು ಎಲ್ಲಿ?

ತಂಬಿಗೆ_ಸದ್ದು
ಮಂಗಳವಾರ ರಾತ್ರಿ 11:30

ಬಚ್ಚಲಲ್ಲೇ ಅಕ್ಕ. ದೀಪಾವಳಿ, ನರಕ ಚತುರ್ದಶಿ. ಬೆಳಗಿನ ಜಾವ ಎಣ್ಣೆ ಹಚ್ಚಿ ಕೂರಿಸಿದ್ದರು. ಹಂಡೆ ನೀರು ಕುದಿಯುತ್ತಿತ್ತು. ಅವ್ವನೇ ತಲೆಗೆ ಎರೆಯುತ್ತಿದ್ದಳು, ಒಂದರ ಹಿಂದೊಂದು ತಂಬಿಗೆ. ಅಷ್ಟೇ ನೆನಪು. ಆಮೇಲೆ ಎರಡು ಸಲ ಬಚ್ಚಲಲ್ಲಿ, ಉಳಿದದ್ದು ಬೇರೆ ಬೇರೆ ಕಡೆ.

ವಾರ್ಡ್_ನರ್ಸ್
ಮಂಗಳವಾರ ರಾತ್ರಿ 11:44

ಇದನ್ನು ನಿನ್ನ ಡಾಕ್ಟರಿಗೆ ಯಾವತ್ತಾದರೂ ಹೇಳಿದ್ದೀಯಾ? ಹೇಳು. ಬಿಸಿನೀರಿನ ಫಿಟ್ಸ್ ಅಂತಲೇ ಒಂದು ಬಗೆ ಇದೆ. ಬಿಸಿ ನೀರನ್ನು ತಲೆಯ ಮೇಲೆ ಬಿಡದೆ ಸುರಿದರೆ ಬರುತ್ತದೆ. ಜಗತ್ತಿನಲ್ಲೇ ಜಾಸ್ತಿ ಕಂಡುಬಂದಿರುವುದು ನಮ್ಮ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ. ನಿಮ್ಹಾನ್ಸ್‌ನವರು 1980ರ ದಶಕದಿಂದಲೂ ಇದರ ಬಗ್ಗೆ ಬರೆದಿದ್ದಾರೆ. ಕೆಲವರಿಗೆ ಮುಂದೆ ಬಿಸಿನೀರಿಲ್ಲದೆಯೂ ಬರಲು ಶುರುವಾಗುತ್ತದೆ. ನಿನ್ನದು ಅದೇ ಅಂತ ನಾನು ಹೇಳಲಾರೆ, ಅದು ಡಾಕ್ಟರ್ ಕೆಲಸ. ಹೌದಾದರೆ ಉಗುರುಬೆಚ್ಚಗಿನ ನೀರು, ತಲೆಗೆ ನಿಧಾನಕ್ಕೆ, ಸ್ವಲ್ಪ ಸ್ವಲ್ಪ. ಕೆಲವರಿಗೆ ಎರೆದುಕೊಳ್ಳುವ ದಿನ ಮೊದಲೇ ಒಂದು ಗುಳಿಗೆ ಕೊಡುತ್ತಾರೆ.

ಚಿಲಕದ ವಿಷಯದಲ್ಲಿ ನಿಮ್ಮವ್ವನ ಕಡೆ ನಾನು. ಚಿಲಕ ಬೇಡ. ಆದರೆ ಬಾಗಿಲು ಮುಚ್ಚಬಹುದಲ್ವಾ? ಹಿಡಿಕೆಗೆ ಒಂದು ಓಢಣಿ ಕಟ್ಟಿದರೆ ಒಳಗೆ ಇದ್ದೀ ಅಂತ ಗೊತ್ತಾಗುತ್ತದೆ. ನಿಂತು ಜಳಕ ಮಾಡಬೇಡ, ಕೂತು ಮಾಡು.

ಇನ್ನೊಂದು ಮಾತು. ಹನ್ನೆರಡು ವರ್ಷದಿಂದ ನಿಮ್ಮವ್ವ ಆ ಬಾಗಿಲ ಹೊರಗೆ ಯಾಕೆ ಕೂತಿದ್ದಾಳೆ ಅಂತ ನಿನಗೆ ಅನ್ನಿಸಲಿಲ್ಲವಾ? ನೀರು ಎರೆದಿದ್ದು ಯಾರ ಕೈ?

ಹಾಡು_ನಿಲ್ಲಿಸಬೇಡ
ಬುಧವಾರ ಬೆಳಿಗ್ಗೆ 6:50

ಈ ಕೊನೆಯ ಸಾಲು ಓದಿ ನಾನು ನಮ್ಮಮ್ಮನಿಗೆ ಫೋನ್ ಮಾಡಿದೆ. ಏನೂ ಕಾರಣ ಇಲ್ಲ, ಸುಮ್ನೆ.

ಡೆನಿಮ್_ನೀಲಿ
ಶುಕ್ರವಾರ ರಾತ್ರಿ 8:30

ಸಂಡೂರು ತಮ್ಮಾ, ನಮ್ಮ ಲೈನಿನಲ್ಲೇ ಇರುವ ಒಬ್ಬನ ಬೈಕ್ ಹಿಂದೆ ಕೂತು ಹೋಗುತ್ತಿದ್ದೇನೆ, ಪೆಟ್ರೋಲ್ ಅರ್ಧ ನನ್ನದು. ಅವನು ಓಡಿಸುವುದು ನೋಡಿದರೆ ನನ್ನ ಫಿಟ್ಸೇ ಸುರಕ್ಷಿತ.

ತಂಬಿಗೆ_ಸದ್ದು
ಮುಂದಿನ ಭಾನುವಾರ ಸಂಜೆ 7:05

ಬರೆಯಲು ತಡವಾಯ್ತು.

ಗುರುವಾರ ಅವ್ವ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಕೇಳಿದೆ. "ಅವ್ವಾ, ಅವತ್ತು ದೀಪಾವಳಿಯಾಗ..." ಅಷ್ಟೇ ಅಂದಿದ್ದು. ಜರಡಿ ನಿಂತಿತು. "ನೀರು ಭಾಳ ಬಿಸಿ ಇತ್ತು, ನೀ ಸಾಕು ಸಾಕು ಅಂದಿ, ಇನ್ನೊಂದು ತಂಬಿಗಿ ಹಾಕಿದೆ" ಅಂದಳು. ಆ ಇನ್ನೊಂದು ತಂಬಿಗೆ. ಅಪ್ಪನಿಗೂ ಹೇಳಿಲ್ಲವಂತೆ. ನನಗೆ ಸಾಕು ಅಂದಿದ್ದೇ ನೆನಪಿಲ್ಲ.

ನರ್ಸ್ ಅಕ್ಕ ಬರೆದದ್ದನ್ನು ಓದಿ ಹೇಳಿದೆ. ಎರಡು ಸಲ ಓದಿಸಿದಳು. "ಬ್ಯಾರೆ ಮಕ್ಕಳಿಗೂ ಬರ್ತದಂತಾ?" ಅಂತ ಕೇಳಿದಳು. ಬರ್ತದ ಅಂದೆ. ಜರಡಿ ಮತ್ತೆ ಶುರುವಾಯ್ತು.

ಶನಿವಾರ ಅಣ್ಣ ಬಚ್ಚಲ ಒಳಗಿನ ಚಿಲಕ ಬಿಚ್ಚಿದ. ಬಾಗಿಲು ಪೂರ್ತಿ ಮುಚ್ಚುತ್ತೇನೆ, ಹಿಡಿಕೆಗೆ ನನ್ನ ಹಳೆಯ ಕೆಂಪು ಓಢಣಿ. ಅವ್ವ ಅಡುಗೆಮನೆಯಲ್ಲಿರುತ್ತಾಳೆ, ಮೊದಲ ದಿನ ಮೂರು ಸಲ ಕೂಗಿದಳು, ಇವತ್ತು ಒಂದೇ ಸಲ. ಸ್ಟೂಲ್ ಈಗ ಒಳಗಿದೆ. ನಾನು ಕೂರುತ್ತೇನೆ.

ಡಾಕ್ಟರ್ ಹತ್ತಿರ ಹೋಗುವುದು ಮುಂದಿನ ವಾರ. ಚೀಟಿ ಬರೆದಾಗಿದೆ, ಒಂದೂವರೆ ಪುಟ ಆಗಿದೆ, ಕಡಿಮೆ ಮಾಡಬೇಕು. ಬಸ್ಸಿನಲ್ಲಿ ಒಬ್ಬಳೇ ಹೋಗುತ್ತೇನೆ ಅಂದಿದ್ದಕ್ಕೆ ಅಪ್ಪ ಇನ್ನೂ ಉತ್ತರ ಕೊಟ್ಟಿಲ್ಲ.

ಅಂಗಡಿ_ಕೌಂಟರ್
ಭಾನುವಾರ ಸಂಜೆ 7:20

ತಂಗಿ, ಪ್ಲಾಸ್ಟಿಕ್ ಸ್ಟೂಲ್ ಒದ್ದೆ ನೆಲದಲ್ಲಿ ಜಾರುತ್ತದೆ. ಕಾಲುಗಳಿಗೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿಸು.

ತಂಬಿಗೆ_ಸದ್ದು
ಭಾನುವಾರ ಸಂಜೆ 7:24

ಅವ್ವ ನಿನ್ನೆಯೇ ಹಾಕಿಸಿದಳು ಅಣ್ಣ.